ಪೈಪಿನೊಳಗಿನ ಜಾಯಿಂಟು

ಭಾಲ್ಕಿಯ ಗೋರಖನಾಥನನ್ನು ಮನೆಗೆ ಕರೆಂಟಿನ ಕೆಲಸಕ್ಕೆ ಕರೆದವರು ಕೆಲಸದ ಜೊತೆಗೆ ಅರ್ಧ ದಿನದ ಪಾಠವನ್ನೂ ಕೇಳಬೇಕಾಗುತ್ತಿತ್ತು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು, ಫ್ಯೂಸಿಗೆ ದಪ್ಪ ತಂತಿ ಸುತ್ತಬಾರದು, ಗೋಡೆಯ ಪೈಪಿಗೆ ಬಟ್ಟೆ ಒಣಹಾಕುವ ತಂತಿ ಕಟ್ಟಬಾರದು. ಬೇಸರವಾದರೂ ಜನ ಕೇಳುತ್ತಿದ್ದರು, ಏಕೆಂದರೆ ಅವನು ಮಾಡಿದ ಕೆಲಸ ಕೆಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನ ಹತ್ತಿರ ಸರ್ಕಾರದ ಪರವಾನಗಿ ಇತ್ತು. ಭಾನುವಾರ ಊರಿನ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ವೈರಿಂಗ್ ಪಾಠವನ್ನೂ ಹೇಳುತ್ತಿದ್ದ. ಅಲ್ಲಿ ಪ್ರತಿ ವರ್ಷ ಒಂದು ಮಾತನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದ: ಹೊರಗಿನ ಪೈಪಿನ ಒಳಗೂ ಹೊರಗೇ. ಗೋಡೆಯ ಹೊರಮೈಗೆ ಹಾಕಿದ ಪೈಪಿನ ಹೊಟ್ಟೆಯಲ್ಲಿ ಮಳೆ ಹೋಗದಿದ್ದರೂ ಹಗಲಿನ ಕಾವು, ರಾತ್ರಿಯ ತಂಪು ಸೇರಿ ನೀರು ಹುಟ್ಟುತ್ತದೆ. ಅಲ್ಲಿ ಮನೆಯೊಳಗಿನ ತೆಳು ವೈರು ಎಳೆಯಬಾರದು, ಬಿಸಿಲು ಮಳೆ ತಡೆಯುವ ಸರ್ವಿಸ್ ವೈರೇ ಆಗಬೇಕು. ಕಂಬದಿಂದ ಮೀಟರಿನವರೆಗೆ ಅದು ಒಂದೇ ತುಂಡು ಇರಬೇಕು, ನಡುವೆ ಜಾಯಿಂಟ್ ಇರಕೂಡದು.

ಅವನ ಅಪ್ಪ ಇಂಥವೇ ಮನೆಗಳ ಹೊಸ್ತಿಲಾಚೆ ನಿಂತು ಬೊಗಸೆಯಲ್ಲಿ ನೀರು ಕುಡಿದವನು. ಈಗ ಅವೇ ಮನೆಗಳವರು ಗೋರಖನಾಥನಿಗೆ ಕುರ್ಚಿ ಹಾಕುತ್ತಿದ್ದರು, ಸರ್ ಎನ್ನುತ್ತಿದ್ದರು, ಒಳಗಿನ ಲೋಟದಲ್ಲಿ ಚಹಾ ಕೊಡುತ್ತಿದ್ದರು. ಇದನ್ನು ತನಗೆ ತಂದುಕೊಟ್ಟದ್ದು ಓದು ಮತ್ತು ಆ ನಿಯಮಗಳು ಎಂದು ಅವನು ನಂಬಿದ್ದ. ಅವನ ಹೆಂಡತಿ ಶಾಲುಬಾಯಿಯೂ ಹಾಗೇ ನಂಬಿದ್ದಳು.

ಎರಡು ವರ್ಷ ಮಳೆ ಕೈಕೊಟ್ಟಿತ್ತು. ಎರಡು ಸಾವಿರದ ಹದಿನಾರರ ಬೇಸಿಗೆ ಬರುವ ಹೊತ್ತಿಗೆ ಭಾಲ್ಕಿಯಲ್ಲಿ ಹೊಸ ಮನೆ ಕಟ್ಟಿಸುವವರೇ ಇರಲಿಲ್ಲ. ಕಟ್ಟಡಕ್ಕೆ ಹೊಡೆಯಲು ನೀರಿಲ್ಲದ ಮೇಲೆ ವೈರಿಂಗ್ ಎಲ್ಲಿಯದು? ಹಳ್ಳಿಯ ಜನ ಗಂಟು ಕಟ್ಟಿಕೊಂಡು ಹೈದರಾಬಾದಿನ ಕಡೆ, ಪುಣೆಯ ಕಡೆ ಹೊರಟಿದ್ದರು. ಹೈದರಾಬಾದಿನ ಒಬ್ಬ ಮೇಸ್ತ್ರಿ ದೊಡ್ಡ ಅಪಾರ್ಟ್‌ಮೆಂಟಿನ ಕೆಲಸಕ್ಕೆ ವೈರ್‌ಮನ್‌ಗಳ ತಂಡ ಕಟ್ಟುತ್ತಿದ್ದಾನೆಂದು ತಿಳಿದು ಗೋರಖನಾಥ ಹೆಸರು ಕೊಟ್ಟ. ಮಾರ್ಚ್ ತಿಂಗಳ ಒಂದು ಸಂಜೆಯ ಗಾಡಿಗೆ ಬೀದರ ಸ್ಟೇಷನ್ನಿನಲ್ಲಿ ಎಲ್ಲರೂ ಸೇರಬೇಕು, ಬರದವರ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ.

ಅದೇ ದಿನ ಬೆಳಿಗ್ಗೆ ಅವನಿಗೆ ಔರಾದದಲ್ಲಿ ಒಂದು ಕೆಲಸ ಬಾಕಿ ಇತ್ತು. ಊರಿನ ಅಂಚಿನ ಓಣಿಯಲ್ಲಿ ಮಡೆಪ್ಪನೆಂಬ ಕುರಿ ಸಾಕುವವನು ತಗಡಿನ ಎರಡು ಕೋಣೆ ಹಾಕಿಸಿದ್ದ. ಮೇವಿಲ್ಲದೆ ಅವನೂ ಹೆಂಡತಿಯೂ ಕುರಿ ಹೊಡೆದುಕೊಂಡು ಗೋದಾವರಿ ದಂಡೆಗೆ ಹೊರಡುವವರಿದ್ದರು. ಮನೆಯಲ್ಲಿ ಉಳಿಯುವವರು ತಾಯಿ ಸಖುಬಾಯಿ ಮತ್ತು ಆರು ವರ್ಷದ ಮಗಳು. ಅವರಿಗೆ ಕತ್ತಲಾಗಬಾರದು, ಫೋನಿಗೆ ಚಾರ್ಜ್ ಇರಬೇಕು ಎಂದು ಹೊರಡುವ ಮೊದಲೇ ಕರೆಂಟ್ ತೆಗೆದುಕೊಳ್ಳುವ ಅವಸರ ಮಡೆಪ್ಪನಿಗೆ.

ಗೋರಖನಾಥ ಹೋಗಿ ನೋಡಿದರೆ, ತಾನು ಹಿಂದೆ ಬಂದು ಅಳತೆ ತೆಗೆದುಕೊಂಡು ಹೋದ ಮೇಲೆ ಮಡೆಪ್ಪ ಮೀಟರ್ ಬೋರ್ಡನ್ನು ಬಾಗಿಲಿನ ಆಚೆ ಬದಿಗೆ ಕೂರಿಸಿ ಸಿಮೆಂಟ್ ಮೆತ್ತಿಬಿಟ್ಟಿದ್ದ. ಕುರಿಗಳು ತಿಕ್ಕುತ್ತವೆಂದು ಹಾಗೆ ಮಾಡಿದೆ ಎಂದ. ಕಬ್ಬಿಣದ ಪೈಪನ್ನು ಗೋಡೆಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿ, ಅದರ ಬಾಯಿ ಮಳೆಗೆ ಕೆಳಮುಖವಾಗುವಂತೆ ಬೆಂಡ್ ತಿರುಗಿಸಿ, ಅಂಚು ವೈರನ್ನು ಕೊರೆಯದಂತೆ ರಬ್ಬರಿನ ಬಳೆ ಕೂರಿಸಿ ವೈರು ಇಳಿಬಿಟ್ಟಾಗ ಅದು ಮೀಟರಿಗೆ ಒಂದೂವರೆ ಮೊಳ ಕಡಿಮೆ ಬಿತ್ತು. ಔರಾದದಲ್ಲಿ ಆ ವೈರು ಮಾರುವ ಒಬ್ಬನೇ ಅಂಗಡಿಯವನು ಬಾಗಿಲು ಹಾಕಿಕೊಂಡು ಮದುವೆಗೆ ಹೋಗಿದ್ದ. ಬೀದರಿಗೆ ಹೋಗಿ ಹೊಸ ವೈರು ತಂದು ಎಳೆಯುವಷ್ಟರಲ್ಲಿ ಗಾಡಿ ತಪ್ಪುತ್ತಿತ್ತು.

ಅವನು ಸ್ವಲ್ಪ ಹೊತ್ತು ಗೋಡೆಯ ನೆರಳಲ್ಲಿ ನಿಂತ. ಚೀಲದಲ್ಲಿ ಮನೆಯೊಳಗೆ ಹಾಕುವ ಮಾಮೂಲಿ ವೈರಿನ ತುಂಡುಗಳಿದ್ದವು. ಅವನ್ನು ಸರ್ವಿಸ್ ವೈರಿನ ತುದಿಗೆ ಹೆಣೆದು, ಟೇಪನ್ನು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಜಾಯಿಂಟನ್ನು ಪೈಪಿನೊಳಕ್ಕೆ ಮೇಲಕ್ಕೆಳೆದುಕೊಂಡ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಮೂರು ತಿಂಗಳಲ್ಲಿ ಬಂದು ಬದಲಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಕಂಬದಿಂದ ಮೀಟರಿನವರೆಗೆ ಜಾಯಿಂಟ್ ಇಲ್ಲ ಎಂಬ ಸಾಲು ಅಚ್ಚಾಗಿದ್ದ, ಕರೆಂಟ್ ಕಚೇರಿಗೆ ಕೊಡುವ ವರದಿಯ ಕೆಳಗೆ ರುಜು ಮಾಡಿದ. ಲೈನ್‌ಮನ್ ಅಮೀರ ಪಾಶಾ ಆ ರುಜು ನೋಡಿ, ಇನ್ನೇನೂ ನೋಡದೆ ಕಂಬ ಹತ್ತಿ ಕರೆಂಟ್ ಕೊಟ್ಟ.

ಹೊರಡುವ ಮೊದಲು ಪಾಠ ಹೇಳುವುದನ್ನು ಮಾತ್ರ ಗೋರಖನಾಥ ಬಿಡಲಿಲ್ಲ. ಪೈಪಿಗೆ ತಂತಿ ಕಟ್ಟಬೇಡಿರೆಂದ. ಗೋಡೆಯ ಬುಡದಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ತೋರಿಸಿ, ಕರೆಂಟ್ ತಪ್ಪಿ ಪೈಪಿಗೆ ಬಂದರೆ ಅದನ್ನು ನೆಲಕ್ಕೆಳೆದು ಫ್ಯೂಸ್ ಹಾರಿಸುವುದು ಇದೇ, ನೆಲ ಒಣಗಿದರೆ ಇದು ಕೆಲಸ ಮಾಡುವುದಿಲ್ಲ, ವಾರಕ್ಕೊಂದು ಕೊಡ ನೀರು ಹಾಕಿರಿ ಎಂದ. ಸಖುಬಾಯಿ ತಲೆಯಾಡಿಸಿದಳು. ಓಣಿಗೆ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು, ಮನೆಗೆ ಆರು ಕೊಡ. ಆಕೆ ಅವನಿಗೆ ಜೋಳದ ರೊಟ್ಟಿ, ಹಿಂಡಿ ಪಲ್ಯ ಬಡಿಸಿ, ತುಂಬಿದ ತಂಬಿಗೆ ಮುಂದಿಟ್ಟಳು.

ಜೂನ್ ಎರಡನೆಯ ವಾರ ಹೈದರಾಬಾದಿನ ಒಂಬತ್ತನೆಯ ಮಹಡಿಯಲ್ಲಿ ಅವನು ಗೋಡೆ ಕೊರೆಯುತ್ತಿದ್ದಾಗ ಮಡೆಪ್ಪನ ಫೋನ್ ಬಂತು. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ನೆನೆದ ಕಂಬಳಿ ಒಣಹಾಕಲು ತಾಯಿ ಪೈಪಿನಿಂದ ಬೇವಿನ ಗಿಡಕ್ಕೆ ತಂತಿ ಕಟ್ಟಿದ್ದಳಂತೆ. ತಂತಿ ಬಿಗಿಯುವಾಗ ಕರೆಂಟ್ ಹಿಡಿದು ಎತ್ತಿ ಒಗೆಯಿತು. ಬಲ ಅಂಗೈ ಸುಟ್ಟಿದೆ, ಮೊಣಕೈ ಮುರಿದಿದೆ, ಬೀದರಿನ ದವಾಖಾನೆಯಲ್ಲಿದ್ದಾಳೆ, ಜೀವಕ್ಕೆ ಏನಿಲ್ಲ. ಸುದ್ದಿ ಕೇಳಿ ತಾನು ಕುರಿ ಬಿಟ್ಟು ಓಡಿಬಂದೆ ಎಂದ. ಮಡೆಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ತಪ್ಪೊಪ್ಪಿಗೆಯಿತ್ತು.

"ನೀವು ಅಷ್ಟು ತಿಳಿಸಿ ಹೇಳಿದ್ರಿ ಸರ್. ಮುದುಕಿ ಕೇಳಲಿಲ್ಲ. ನಮ್ಮ ಮ್ಯಾಲ ಬ್ಯಾಸರ ಮಾಡ್ಕೋಬ್ಯಾಡ್ರಿ."

ಗೋರಖನಾಥನಿಗೆ ಆ ಕ್ಷಣವೇ ಎಲ್ಲ ತಿಳಿಯಿತು. ನಲವತ್ಮೂರು ಡಿಗ್ರಿಯ ಬಿಸಿಲಿಗೆ ಹಂಚಿನಂತೆ ಕಾದ ಪೈಪಿನಲ್ಲಿ ಟೇಪಿನ ಅಂಟು ಸುಟ್ಟು ಬಿಚ್ಚಿಕೊಂಡಿರುತ್ತದೆ, ಗಾಳಿಮಳೆಗೆ ನೀರು ಒಳನುಗ್ಗಿರುತ್ತದೆ, ಬರಿಯಾದ ತಾಮ್ರ ಕಬ್ಬಿಣಕ್ಕೆ ತಾಗಿರುತ್ತದೆ. ಬಾಯಿ ತೆರೆದ. ಆದರೆ ಹೊರಗೆ ಬಂದ ಮಾತು ಬೇರೆಯೇ ಆಗಿತ್ತು.

"ನಾ ಅವತ್ತೇ ಹೇಳಿದ್ನಲ್ಲ ಮಡೆಪ್ಪ."

ಹೌದು ಸರ್, ಹೌದು ಸರ್ ಎಂದ ಮಡೆಪ್ಪ. ಫೋನ್ ಇಟ್ಟ ಮೇಲೆ ಗೋರಖನಾಥ ಸಿಮೆಂಟ್ ಚೀಲದ ಮೇಲೆ ಕುಳಿತ. ತನ್ನದೇ ದನಿ ಕಿವಿಯಲ್ಲಿ ನಿಂತುಬಿಟ್ಟಿತ್ತು. ಊಟದ ಹೊತ್ತಿಗೆ ಜೊತೆಯವರು ಕರೆದರೂ ಏಳಲಿಲ್ಲ.

ಹತ್ತು ದಿನ ಬಿಟ್ಟು ರಜೆ ಕೇಳಿ ಔರಾದಕ್ಕೆ ಹೋದ. ಈ ಸಲ ಬೇಕಾದುದಕ್ಕಿಂತ ನಾಲ್ಕು ಮೊಳ ಹೆಚ್ಚು ಸರ್ವಿಸ್ ವೈರು ತಂದಿದ್ದ. ಪೈಪಿನಿಂದ ಹಳೆಯದನ್ನು ಎಳೆಯುವಾಗ ಅಂಗಳದಲ್ಲಿ ನಿಂತವರಿಗೆ ಬೆನ್ನು ಮಾಡಿ ನಿಂತ. ಜಾಯಿಂಟು ಸುಟ್ಟು ಕರಕಾಗಿ ಹೊರಬಂತು. ಅದನ್ನು ಕತ್ತರಿಸಿ, ಚಿಂದಿಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದ. ಹೊಸ ವೈರನ್ನು ಒಂದೇ ತುಂಡಾಗಿ ಎಳೆದ.

ಅಷ್ಟರಲ್ಲಿ ಸಖುಬಾಯಿ ಒಳಗಿಂದ ಬಂದಳು. ಕೈ ಕೊರಳಿಗೆ ಕಟ್ಟಿತ್ತು. ಬಲಗೈಯ ಎರಡು ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಆಕೆ ಅವನ ಮುಂದೆ ನಿಂತು, ನಿಮ್ಮ ಮಾತು ಮೀರಿದೆ, ನಿಮ್ಮ ಹೆಸರಿಗೆ ಕೆಟ್ಟದ್ದು ತಂದೆ, ಮನಸಿನಲ್ಲಿ ಇಟ್ಟುಕೊಳ್ಳಬೇಡಿರಿ ಎಂದಳು. ಮಡೆಪ್ಪ ಪಕ್ಕದಿಂದ, ಇನ್ನಾದರೂ ಬುದ್ಧಿ ಬಂತೇನು ಎಂದು ತಾಯಿಯನ್ನು ಗದರಿದ. ಮಳೆಯಾಯಿತೆಂದು ಕುರಿ ಹೊಡೆದುಕೊಂಡು ಮರಳಿದ್ದ ಸೊಸೆ, ಕರೆಂಟ್ ಬಂದ ಮೇಲೂ ಸ್ವಿಚ್ ಮುಟ್ಟಕೂಡದು ಎಂದು ಆಕೆಗೆ ಹೇಳಿಬಿಟ್ಟಿದ್ದಳು. ಮೊದಲು ಓಣಿಯ ಹೆಂಗಸರು ಫೋನ್ ಚಾರ್ಜಿಗೆ ಇಟ್ಟು, ಊರು ಬಿಟ್ಟು ಹೋದ ಗಂಡಂದಿರೊಡನೆ, ಮಕ್ಕಳೊಡನೆ ಮಾತಾಡಲು ಆ ಮನೆಗೇ ಬರುತ್ತಿದ್ದರು. ಸಖುಬಾಯಿಗೆ ಅದೊಂದು ಸಡಗರವಾಗಿತ್ತು. ಈಗ ಆ ಮುದುಕಿ ಮನೆ ಕರೆಂಟನ್ನೇ ಕೆಡಿಸಿದವಳು ಎಂದು ಯಾರೂ ಬರುತ್ತಿರಲಿಲ್ಲ. ಗೋರಖನಾಥ ಎಲ್ಲ ಕೇಳಿಸಿಕೊಂಡ. ಚಿಕ್ಕಮ್ಮನನ್ನು ಕರೆಯುವಂತೆ, ಇರಲಿ ಬಿಡಿರಿ ಕಾಕು ಎಂದ. ಅಷ್ಟೇ ಅವನ ಬಾಯಿಂದ ಬಂದದ್ದು.

ಬಸ್ ನಿಲ್ದಾಣದಲ್ಲಿ ಅಮೀರ ಪಾಶಾ ಸಿಕ್ಕ. ಇಬ್ಬರಿಗೂ ಹದಿನೈದು ವರ್ಷದ ಪರಿಚಯ. ಚಹಾ ಹೇಳಿ ಅವನು ಬೆಂಚಿನ ಮೇಲೆ ಕುಳಿತ. ಸ್ವಲ್ಪ ಹೊತ್ತು ಮಳೆ, ಬಿತ್ತನೆ ಎಂದು ಮಾತಾಡಿ, ಲೋಟದೊಳಗೆ ನೋಡುತ್ತ ಕೇಳಿದ:

"ಗೋರಖ ಭಾಯಿ, ತಂತಿ ಕಟ್ಟಿದ್ರ ಏನಾಗ್ತದ? ಪೈಪಿನಾಗ ಕರೆಂಟ್ ಎಲ್ಲಿಂದ ಬಂತು?"

ಗೋರಖನಾಥ ಲೋಟ ಕೆಳಗಿಟ್ಟ. ಅಮೀರ ಪಾಶಾ ಉತ್ತರಕ್ಕೆ ಕಾಯಲಿಲ್ಲ. ಆ ದಿನ ಕಂಬದ ಮೇಲಿನ ಫ್ಯೂಸ್ ಹಾರಿತ್ತು, ಅದಕ್ಕೇ ಆಕೆ ಉಳಿದದ್ದು ಎಂದ. ಔರಾದದಲ್ಲಿ ಆ ಬೇಸಿಗೆ ಎಲ್ಲರ ಅರ್ಥಿಂಗ್ ಗುಂಡಿಗಳೂ ಒಣಗಿ ಸತ್ತಿದ್ದವು. ಒಂದು ಮಳೆಗೆ ಅವು ಜೀವ ಹಿಡಿಯುವಂತಿರಲಿಲ್ಲ. ಈ ಮನೆಯದು ಹೇಗೆ ಕೆಲಸ ಮಾಡಿತು ಎಂದು ತನಗೆ ಆಶ್ಚರ್ಯವಾಗಿ ಓಣಿಯಲ್ಲಿ ಕೇಳಿದನಂತೆ. ಸಖುಬಾಯಿ ಮೂರು ತಿಂಗಳು ಒಂದು ವಾರವೂ ತಪ್ಪಿಸದೆ ಗುಂಡಿಗೆ ಒಂದು ಕೊಡ ನೀರು ಹೊಯ್ದಿದ್ದಳು. ಕುಡಿಯಲು ಸಾಲದ ನೀರನ್ನು ಮಣ್ಣಿಗೆ ಸುರಿಯುತ್ತಾಳೆಂದು ನೆರೆಯವರು ಜಗಳಕ್ಕೆ ಬಂದರೆ, ಸರ್ ಹೇಳ್ಯಾರ ಎನ್ನುತ್ತಿದ್ದಳಂತೆ. ತಾನು ವಾರಕ್ಕೊಮ್ಮೆ ಮಾತ್ರ ಸ್ನಾನ ಮಾಡಿ ಆ ಕೊಡ ಉಳಿಸುತ್ತಿದ್ದಳಂತೆ.

ಅಮೀರ ಪಾಶಾ ಎದ್ದು ಹೋದ. ಪಾಶಾನಿಗೆ ಎಲ್ಲ ಗೊತ್ತಾಗಿದೆ, ಆದರೂ ಗೆಳೆಯನ ಮಾನ ಉಳಿಸಲು ಸುಮ್ಮನಿದ್ದಾನೆ ಎಂಬುದು ಗೋರಖನಾಥನಿಗೆ ಸ್ಪಷ್ಟವಾಗಿತ್ತು. ಬಸ್ಸು ಬಂತು, ಹೋಯಿತು. ಅವನು ಮುಂದಿನ ಬಸ್ಸಿಗೆ ಹತ್ತಿದ.

ಆಮೇಲೆ ಅವನು ಹೈದರಾಬಾದಿಗೆ ಹೋಗಲಿಲ್ಲ. ಭಾಲ್ಕಿಯಲ್ಲಿ ಸಣ್ಣಪುಟ್ಟ ಕೆಲಸ ಸಿಗತೊಡಗಿತ್ತು. ಒಂದು ಭಾನುವಾರ ತರಬೇತಿ ಕೇಂದ್ರದ ಮುಖ್ಯಸ್ಥ ಶಿವರಾಜಪ್ಪ, ಔರಾದದ ಘಟನೆಯನ್ನು ತರಗತಿಯಲ್ಲಿ ಹೇಳಿರಿ, ನಿಯಮ ಮೀರಿದರೆ ಏನಾಗುತ್ತದೆಂದು ತಿಳಿಯಲಿ ಎಂದು ಕೇಳಿದರು. ಗೋರಖನಾಥ ಸೀಮೆಸುಣ್ಣ ಹಿಡಿದು ಶುರು ಮಾಡಿದ. ಒಬ್ಬ ಮುದುಕಿ ಇದ್ದಳು, ಪೈಪಿಗೆ ತಂತಿ ಕಟ್ಟಿದಳು ಎಂಬಲ್ಲಿಗೆ ಬಂದು ಮುಂದಿನ ಮಾತು ಹೊರಡಲಿಲ್ಲ. ಜ್ವರ ಬಂದಂತಿದೆ ಎಂದು ಹೇಳಿ ಮನೆಗೆ ಬಂದುಬಿಟ್ಟ.

ಹಾಗೇ ಆಗಸ್ಟ್ ಬಂತು. ಶಾಲುಬಾಯಿ ಚೀಲ ಒಗೆಯಲೆಂದು ಬರಿದು ಮಾಡಿದಾಗ ಚಿಂದಿಯ ಗಂಟು ಸಿಕ್ಕಿತು. ಕೆಲಸಕ್ಕೆ ಬಾರದ್ದನ್ನು ಅವನು ಎಂದೂ ಚೀಲದಲ್ಲಿ ಇಟ್ಟವನಲ್ಲ. ಇದೇನೆಂದು ಕೇಳಿದಳು. ಅವನು ಮೊದಲು ಹಳೆ ವೈರು ಎಂದ. ಆಮೇಲೆ ಎಲ್ಲವನ್ನೂ ಹೇಳಿದ, ಫೋನಿನಲ್ಲಿ ಆಡಿದ ಮಾತು ಸಹಿತ. ಆಕೆ ಸಮಾಧಾನ ಹೇಳುತ್ತಾಳೆ ಎಂಬ ಆಸೆ ಎಲ್ಲೋ ಇತ್ತು.

"ನನಗ್ಯಾಕ ಹೇಳ್ತೀರಿ?" ಎಂದಳು ಶಾಲುಬಾಯಿ. "ಅಕೀಗಿ ಹೋಗಿ ಹೇಳ್ರಿ."

ಮರುದಿನ ಬೆಳಗಿನ ಬಸ್ಸಿಗೆ ಹೊರಟ. ಸಖುಬಾಯಿ ಕುರಿದೊಡ್ಡಿಯ ಮುಂದೆ ಕುಳಿತು ಎಡಗೈಯಿಂದ ಉಣ್ಣೆ ಬಿಡಿಸುತ್ತಿದ್ದಳು. ಬರ್ರಿ ಸರ್ ಎಂದು ಎದ್ದು ಕುರ್ಚಿ ತರಲು ಹೋದಳು. ಅವನು ಬೇಡವೆಂದು ನೆಲದ ಮೇಲೆ ಕುಳಿತು, ಗಂಟು ಬಿಚ್ಚಿ ಆ ಸುಟ್ಟ ತುಂಡನ್ನು ಮುಂದಿಟ್ಟ. ವೈರು ಕಡಿಮೆ ಬಿದ್ದದ್ದು, ಗಾಡಿಯ ಅವಸರಕ್ಕೆ ತಾನು ಜೋಡಿಸಿದ್ದು, ಅಲ್ಲಿ ಹಾಕಬಾರದ ವೈರು ಹಾಕಿದ್ದು, ಸುಳ್ಳು ಬರಹಕ್ಕೆ ರುಜು ಮಾಡಿದ್ದು, ಆಮೇಲೆ ಇದನ್ನು ಬಚ್ಚಿಟ್ಟದ್ದು ಎಲ್ಲ ಹೇಳಿದ. ತಲೆ ಎತ್ತಲಾಗಲಿಲ್ಲ.

ಸಖುಬಾಯಿ ತುಂಡನ್ನು ಎಡಗೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದಳು.

"ನಾ ತಂತಿ ಕಟ್ಟದಿದ್ರೂ ಆಗ್ತಿತ್ತೇನು?"

"ಆಗ್ತಿತ್ತು ಕಾಕು. ಪೈಪ್ ಯಾರು ಮುಟ್ಟಿದ್ರೂ ಆಗ್ತಿತ್ತು."

"ಮೊಮ್ಮಗಳು ದಿನಾ ಅದನ್ನೇ ಹಿಡ್ಕೊಂಡು ಗಿರಗಿರ ತಿರಗ್ತಾಳ," ಎಂದಳು. ದೊಡ್ಡಿಯಲ್ಲಿ ಒಂದು ಮರಿ ಕೂಗುತ್ತಿತ್ತು. ಆಮೇಲೆ ಅವನ ಕಡೆ ನೋಡಿದಾಗ ಆಕೆಯ ಮಾತಿನಿಂದ ಸರ್ ಎಂಬುದು ಹೋಗಿತ್ತು.

"ಎರಡು ತಿಂಗಳಾಯ್ತು. ಮಗ ಬೈದ, ಸೊಸಿ ಬೈದಳು, ಓಣಿ ಬೈತು. ನಾನೂ ನನಗ ಬೈಕೊಂಡೀನಿ. ನೀ ಇಲ್ಲೇ ನಿಂತು ಕೇಳ್ದಿ."

ಹೌದು ಎಂದ ಗೋರಖನಾಥ.

"ಹೋಗಿ ಎಲ್ಲಾರಿಗಿ ಕರಕೊಂಡು ಬಾ. ಅವರ ಮುಂದ ಹೇಳು."

ಅವನೇ ಹೋಗಬೇಕಾಯಿತು. ಹನ್ನೊಂದು ಮನೆಗಳ ಬಾಗಿಲಿಗೆ ನಿಂತು, ಸಖುಬಾಯಿಯ ಅಂಗಳಕ್ಕೆ ಬರ್ರಿ, ನಾ ಒಂದು ಮಾತು ಹೇಳಬೇಕು ಎಂದು ಕರೆದ. ಮೂರು ಮನೆಗೆ ಬೀಗವಿತ್ತು. ಕೆಲವರು ಅವನು ಮತ್ತೆ ಪಾಠ ಹೇಳಲು ಬಂದಿದ್ದಾನೆಂದುಕೊಂಡು ನಗುತ್ತ ಬಂದರು. ಮಡೆಪ್ಪನನ್ನು ಹೊಲದ ಕಡೆಯಿಂದ ಕರೆಸಿದರು. ಎಲ್ಲರ ಮುಂದೆ ನಿಂತು ಗೋರಖನಾಥ ಎರಡನೆಯ ಸಲ ಹೇಳಿದ. ಮೊದಲ ಸಲಕ್ಕಿಂತ ಕಷ್ಟವಾಯಿತು. ನಡುವೆ ಒಬ್ಬ ಹೆಂಗಸು, ಹಂಗಾರ ಮುದುಕೀದು ತಪ್ಪಿಲ್ಲೇನು ಎಂದಳು. ಇಲ್ಲ ಎಂದ. ಇನ್ನೊಮ್ಮೆ ಹೇಳು ಎಂಬಂತೆ ಸಖುಬಾಯಿ ನೋಡಿದಳು. ತಪ್ಪು ನನ್ನದು, ಆಕೆಯದು ಏನೂ ಇಲ್ಲ ಎಂದು ಮತ್ತೆ ಹೇಳಿದ.

ಮಡೆಪ್ಪ ಮುಂದೆ ಬಂದು ಅವನ ಅಂಗಿಯ ಎದೆ ಹಿಡಿದ. ಎತ್ತಿದ ಇನ್ನೊಂದು ಕೈ ತಾಯಿಯ ಮುಖ ಕಂಡು ಹಾಗೇ ಇಳಿಯಿತು. ಅವನು ಅಂಗಿ ಬಿಟ್ಟು ದೊಡ್ಡಿಯ ಹಿಂದೆ ಹೋದ. ಜನ ಚದುರುವವರೆಗೆ ಈಚೆ ಬರಲಿಲ್ಲ. ಸೊಸೆ ಅತ್ತೆಯ ಪಕ್ಕ ಬಂದು ಕುಳಿತು, ಆಕೆಯ ಮಡಿಲಿನ ಉಣ್ಣೆ ಎತ್ತಿಕೊಂಡು ತಾನು ಬಿಡಿಸತೊಡಗಿದಳು.

ಗೋರಖನಾಥ ಹತ್ತಿರ ಬಂದು, ನಾನೇನು ಮಾಡಲಿ ಕಾಕು ಎಂದು ಕೇಳಿದ. ಸಖುಬಾಯಿ ಯೋಚಿಸಿದಳು. ಪ್ರತಿ ಗುರುವಾರ ಬೀದರಿನ ದವಾಖಾನೆಯಲ್ಲಿ ಬೆರಳಿಗೆ ಕಸರತ್ತು ಮಾಡಿಸುತ್ತಾರೆ, ಮಗ ಕುರಿಯ ಹಿಂದೆ ಹೋದರೆ ಅಲ್ಲಿ ಜೊತೆಗಿರುವವರಿಲ್ಲದೆ ಮೂರು ವಾರದಿಂದ ತಪ್ಪಿದೆ ಎಂದಳು.

"ನೀ ಬರ್ಬೇಕು. ಬೆರಳು ನೆಟ್ಟಗ ಆಗೋತನಕ."

ಅಲ್ಲಿಂದ ಅವನು ನೇರ ಬೀದರಿಗೆ ಹೋಗಿ, ಪರವಾನಗಿ ಕೊಟ್ಟ ಕಚೇರಿಯಲ್ಲಿ ನಡೆದುದನ್ನು ಬರೆದುಕೊಟ್ಟ. ಅಧಿಕಾರಿ ಕನ್ನಡಕ ತೆಗೆದು, ಯಾರಾದರೂ ದೂರು ಕೊಟ್ಟಿದ್ದಾರೇನು ಎಂದು ಕೇಳಿದರು. ಇಲ್ಲವೆಂದಾಗ ಇನ್ನೊಮ್ಮೆ ಓದಿದರು. ತಿಂಗಳೊಳಗೆ ಒಂದು ವರ್ಷ ಪರವಾನಗಿ ತಡೆಹಿಡಿದ ಪತ್ರ ಬಂತು. ಶಿವರಾಜಪ್ಪ ಪಾಠಕ್ಕೆ ಬೇರೆಯವರನ್ನು ನೋಡಿಕೊಂಡರು. ಗೋರಖನಾಥ ಬೀದರ ಹತ್ತಿರದ ಕೊಳಾರದ ಒಂದು ಗೋದಾಮಿನಲ್ಲಿ ಮಾಲು ಇಳಿಸುವ ಕೆಲಸಕ್ಕೆ ಸೇರಿ, ಗುರುವಾರದ ರಜೆ ಕೇಳಿ ಪಡೆದ. ಭಾಲ್ಕಿಯಲ್ಲಿ ಅವನ ಕೈಯಿಂದ ವೈರಿಂಗ್ ಮಾಡಿಸಿಕೊಂಡ ಕೆಲವರು ಬೇರೆ ವೈರ್‌ಮನ್‌ಗಳನ್ನು ಕರೆಸಿ ಪೈಪು ಬಿಚ್ಚಿಸಿ ನೋಡಿದರಂತೆ. ಎಲ್ಲೂ ಏನೂ ಸಿಗಲಿಲ್ಲ. ಸಿಗಲಿಲ್ಲವೆಂದು ಅವನಿಗೆ ಬಂದು ಹೇಳಿದವರೂ ಇಲ್ಲ.

ಗುರುವಾರ ಬೆಳಿಗ್ಗೆ ಅವನು ಬೀದರಿನ ನಿಲ್ದಾಣದಲ್ಲಿ ಔರಾದದಿಂದ ಬರುವ ಬಸ್ಸಿಗೆ ಕಾಯುತ್ತಿದ್ದ. ಸಖುಬಾಯಿ ಇಳಿಯುತ್ತಿದ್ದಳು. ಚೀಲವನ್ನು ಅವನ ಕೈಗೆ ಕೊಡುತ್ತಿರಲಿಲ್ಲ. ದಾರಿಯಲ್ಲಿ ಕುರಿ, ಮೇವು, ಮೊಮ್ಮಗಳ ಶಾಲೆಯ ಮಾತಾಡುತ್ತಿದ್ದಳು; ಆ ಮಾತನ್ನು ಎತ್ತುತ್ತಿರಲಿಲ್ಲ. ಆದರೆ ದವಾಖಾನೆಯ ಸಾಲಿನಲ್ಲಿ ಪಕ್ಕದವರು ಕೈಗೇನಾಯ್ತವ್ವ ಎಂದು ಕೇಳಿದಾಗ ತಾನು ಉತ್ತರಿಸದೆ ಅವನತ್ತ ತಿರುಗುತ್ತಿದ್ದಳು. ಅವನು ಹೇಳಬೇಕಾಗುತ್ತಿತ್ತು. ಪ್ರತಿ ವಾರ ಹೊಸ ಮುಖಗಳು. ಬಗದಲ ಊರಿನ ಒಬ್ಬ ಮುದುಕ ಕೇಳಿ, ಥೂ ಎಂದು ಬೇರೆ ಬೆಂಚಿಗೆ ಹೋಗಿ ಕುಳಿತ. ಸತ್ಯಮ್ಮನೆಂಬ ದಾದಿ ಒಮ್ಮೆ ಕೇಳಿದ ಮೇಲೆ ಅವನ ಜೊತೆ ಮಾತಾಡುವುದನ್ನೇ ಬಿಟ್ಟು, ಚೀಟಿಯನ್ನು ಮೇಜಿನ ಮೇಲಿಟ್ಟು ಸರಿಸುತ್ತಿದ್ದಳು.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಒಂದು ಬೆರಳು ನೆಟ್ಟಗಾಗಿತ್ತು. ಇನ್ನೊಂದು ಇಷ್ಟೇ ಎಂದು ಡಾಕ್ಟರು ಹೇಳಿಯಾಗಿತ್ತು. ಆ ಗುರುವಾರ ಸಾಲಿನಲ್ಲಿ ಮಗು ಎತ್ತಿಕೊಂಡ ಒಬ್ಬ ಹೆಂಗಸು ಸಖುಬಾಯಿಯ ಕೈ ನೋಡಿ ಅದೇ ಪ್ರಶ್ನೆ ಕೇಳಿದಳು. ಗೋರಖನಾಥ ಗಂಟಲು ಸರಿಮಾಡಿಕೊಂಡ. ಸಖುಬಾಯಿ ಅವನತ್ತ ತಿರುಗಲಿಲ್ಲ.

"ಕರೆಂಟ್ ಹಿಡೀತವ್ವ," ಎಂದಳು, ಮತ್ತು ಆ ಮಗುವಿನ ವಯಸ್ಸು ಕೇಳಿದಳು.

ಅವನು ಪಕ್ಕದಲ್ಲಿ ಕುಳಿತೇ ಇದ್ದ. ಹೇಳಲು ತಯಾರಾಗಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಇಷ್ಟು ಗುರುವಾರಗಳಲ್ಲಿ ಅಪರಿಚಿತರ ಮುಂದೆ ಬಾರದ ಕಣ್ಣೀರು ಆಗ ಬಂತು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಒಳಗಿಂದ ಅವರ ನಂಬರು ಕೂಗಿದರು. ಸಖುಬಾಯಿ ಬೆಂಚಿನ ಅಂಚಿಗೆ ಕೈಯೂರಿ ತಾನೇ ಎದ್ದಳು. ಅವನು ಚೀಟಿ ಹಿಡಿದುಕೊಂಡು ಹಿಂದೆ ಹೋದ.